ಠಕಾರದ ಕಣ್ಣಿನ ಆನೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆಮಾಡಿದಾಗ ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಾವು ಪಂಡಿತರಲ್ಲ, ಸಾಹಿತಿಗಳೂ ಅಲ್ಲ. ಒಬ್ಬರು ಚಹಾ ತೋಟದ ಕಚೇರಿಯಲ್ಲಿ ಲೆಕ್ಕ ಬರೆದವರು, ಒಬ್ಬರು ಶಾಲೆಯಲ್ಲಿ ಪಾಠ ಹೇಳಿದವರು, ಇನ್ನೊಬ್ಬರು ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದವರು. ಆದರೆ ಹದಿನೆಂಟು ವರ್ಷಗಳ ಕಾಲ ನಾವು ಮೂವರೂ ಸೇರಿ ಒಂದು ಆನೆಯನ್ನು ಸಾಕಿದೆವು. ಅದು ಕಾಡಿನ ಆನೆಯಲ್ಲ, ಕಾಗದದ ಆನೆ. ಅದರ ಕಥೆಯನ್ನೇ ಈ ದಿನ ತಮ್ಮ ಮುಂದೆ ನಿವೇದಿಸುತ್ತೇವೆ. ಓದುತ್ತಿರುವವರು ಒಬ್ಬರಾದರೂ ಮಾತು ಮೂವರದು ಎಂದು ತಾವು ಭಾವಿಸಬೇಕು.

ನಮ್ಮ ಬೆಟ್ಟದ ಜೀವನ ತಮಗೆ ತಿಳಿಯದುದಲ್ಲ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಗೂಡಲೂರಿನ ಸಂತೆಯಲ್ಲಿ ಮಲಯಾಳ, ನೆರೆಯ ಹಟ್ಟಿಯಲ್ಲಿ ಬಡಗ ನುಡಿ. ಹೀಗೆ ನಾಲ್ಕು ನುಡಿಗಳ ನಡುವೆ ನಮ್ಮ ಮಕ್ಕಳು ಬೆಳೆಯುತ್ತಾರೆ. ಇದು ಭಾಗ್ಯವೇ ಹೊರತು ದುಃಖವಲ್ಲ. ಆದರೆ ಆ ಕಾಲದಲ್ಲಿ ಕನ್ನಡವನ್ನು ಕಿವಿಯಿಂದ ಕೇಳುವ ಮಗುವಿಗೆ ಅದನ್ನು ಕಣ್ಣಿನಿಂದ ಕಾಣುವ ಅವಕಾಶ ಕಡಿಮೆಯಿತ್ತು. ಯಾರಾದರೂ ಮೈಸೂರಿಗೋ ಗುಂಡ್ಲುಪೇಟೆಗೋ ಹೋಗಿಬಂದರೆ ಒಂದು ಪುಸ್ತಕ ಬರುತ್ತಿತ್ತು, ಅಷ್ಟೆ. ಅದಕ್ಕಾಗಿ 1978ರಲ್ಲಿ ನಾವು ಮಕ್ಕಳಿಗೆಂದು ಒಂದು ಕೈಬರಹದ ಪತ್ರಿಕೆಯನ್ನು ಆರಂಭಿಸಿದೆವು. ಇದ್ದುದು ಒಂದೇ ಪ್ರತಿ. ಅದು ಉದಕಮಂಡಲದಲ್ಲಿ ಮನೆಯಿಂದ ಮನೆಗೆ ತಿರುಗಿ, ಬಸ್ಸು ಹತ್ತಿ ಗೂಡಲೂರಿಗೆ ಇಳಿದು, ಅಲ್ಲಿಂದ ಮಸಿನಗುಡಿಗೆ ಹೋಗಿ, ಕಲ್ಲಟ್ಟಿಯ ಮೂವತ್ತಾರು ತಿರುವುಗಳನ್ನೇರಿ ಮತ್ತೆ ನಮ್ಮ ಕೈಗೆ ಬರುವ ವೇಳೆಗೆ ಹಾಳೆಗಳ ಅಂಚು ಹರಿದಿರುತ್ತಿತ್ತು, ಎಣ್ಣೆಯ ಕಲೆ ಬಿದ್ದಿರುತ್ತಿತ್ತು. ಆ ಕಲೆಗಳೇ ನಮಗೆ ಬಹುಮಾನ. ಓದಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ಪತ್ರಿಕೆಯ ಕೊನೆಯ ಪುಟದಲ್ಲಿದ್ದವಳು ಗೌರಿ ಎಂಬ ಆನೆ. ನಮ್ಮಲ್ಲಿ ಒಬ್ಬರಿಗೂ ಚಿತ್ರಕಲೆ ಬರುತ್ತಿರಲಿಲ್ಲ. ಕುಂಬಳಕಾಯಿಯಂಥ ಮೈ ಬರೆದೆವು. ಕೆಳಗೆ ನಾಲ್ಕು ಕಂಬ ನಿಲ್ಲಿಸಿದೆವು. ಮೊರದಷ್ಟು ಅಗಲದ ಎರಡು ಕಿವಿ ಅಂಟಿಸಿದೆವು. ನೀರಿನ ಕೊಳವೆಯಂಥ ಸೊಂಡಿಲು, ಇಬ್ಬದಿಗೂ ಉದ್ದವಾದ ಕೊಂಬು. ಕಣ್ಣನ್ನು ಹೇಗೆ ಬರೆಯುವುದೆಂದು ತೋಚಲಿಲ್ಲ. ಆಗ ಉಪಾಧ್ಯಾಯರಾದ ನಮ್ಮ ಗೆಳೆಯರು, "ಕನ್ನಡದಲ್ಲಿ ಕಣ್ಣಿನಂತೆಯೇ ಇರುವ ಅಕ್ಷರ ಒಂದುಂಟಲ್ಲ!" ಎಂದು ಹೇಳಿ ಅಲ್ಲಿ 'ಠ' ಎಂದು ಬರೆದುಬಿಟ್ಟರು. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ, ಮೇಲೆ ಹುಬ್ಬಿನಂತೆ ತಲೆಕಟ್ಟು. ಆನೆ ನಮ್ಮನ್ನು ನೋಡತೊಡಗಿತು.

ಈಗಿನ ಕಾಲದಲ್ಲಿ ಕನ್ನಡದ ಗಂಧವೇ ಇಲ್ಲದ ದೇಶಗಳವರು ಕೂಡ ಕಂಪ್ಯೂಟರಿನಲ್ಲಿ ತಮ್ಮ ಅಸಮಾಧಾನವನ್ನು ತೋರಿಸಲು ನಮ್ಮ ಠಕಾರವನ್ನೇ ಎರಡು ಬಾರಿ ಒತ್ತಿ, ನಡುವೆ ಒಂದು ಗೆರೆ ಇಟ್ಟು, ದುರುಗುಟ್ಟುವ ಮುಖವನ್ನು ಮಾಡುತ್ತಾರೆಂಬುದನ್ನು ಮನೆಯ ಹುಡುಗರು ತೋರಿಸಿದಾಗ ನಮಗೆ ಪರಮಾನಂದವಾಯಿತು. ಅದನ್ನು ಅವರು ಬಳಸುವ ಮುಂಚೆಯೇ ನೀಲಗಿರಿಯ ಒಂದು ಆನೆಗೆ ಅದು ಕಣ್ಣಾಗಿತ್ತು ಎಂದು ನಾವು ಸಭೆಯಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಾವು ಕ್ಷಮಿಸಬೇಕು.

1981ರಿಂದ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚುಮಾಡಿದೆವು. ಮೇಣದ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಗೀಚಬೇಕು. ಗೀಚಿದಲ್ಲಿ ಮಸಿ ಇಳಿಯುತ್ತದೆ. ಆದರೆ ಒಂದು ವೃತ್ತವನ್ನು ಪೂರ್ತಿಯಾಗಿ, ಒತ್ತಿ ಎಳೆದರೆ ನಡುವಿನ ಮೇಣದ ಬಿಲ್ಲೆಯೇ ಕಳಚಿ ಬೀಳುತ್ತದೆ. ಮೊದಲ ಸಲ ಗೌರಿಯ ಕಣ್ಣು ಹೀಗೆ ಕಳಚಿ, ನೂರು ಪ್ರತಿಗಳಲ್ಲಿಯೂ ಅವಳ ಮುಖದ ಮೇಲೆ ಕರಿಯ ಮುದ್ದೆ ಮೂಡಿತು. ಅಂದಿನಿಂದ ವೃತ್ತದ ಕೆಳಗಡೆ ಒಂದು ಎಳ್ಳಿನಷ್ಟು ಜಾಗವನ್ನು ಬಿಟ್ಟು ಎಳೆದೆವು. ಆ ಬಿರುಕಿನಿಂದ ಗೌರಿ ಏನನ್ನೋ ಬಲ್ಲವಳಂತೆ ಕಂಡಳು. ಯಂತ್ರದ ಅಡಚಣೆಯಿಂದ ಹುಟ್ಟಿದ ಗುಣ ಅದು. ಬಹುಮಟ್ಟಿಗೆ ಪಾತ್ರಗಳಿಗೆ ಸ್ವಭಾವ ಬರುವುದು ಹೀಗೆಯೇ ಎಂದು ನಮಗೆ ಆಮೇಲೆ ತಿಳಿಯಿತು.

ಬರೆದು ಬರೆದು ಕೈ ಪಳಗಿತು. ಕೈ ಪಳಗಿದ ಹಾಗೆಲ್ಲ ಹಳೆಯ ಗೌರಿಯನ್ನು ನೋಡಿದರೆ ನಾಚಿಕೆಯಾಗತೊಡಗಿತು. 1986ರ ಬೇಸಗೆಯಲ್ಲಿ ನಾವು ಮೂವರೂ ಕಾಗದ, ಸೀಸದ ಕಡ್ಡಿಗಳನ್ನು ತೆಗೆದುಕೊಂಡು ಮುದುಮಲೆಯ ತೆಪ್ಪಕಾಡಿನ ಆನೆ ಶಿಬಿರಕ್ಕೆ ಹೋದೆವು. ಸಂಜೆ ಆನೆಗಳಿಗೆ ರಾಗಿಯ ಮುದ್ದೆ ಕೊಡುವ ಹೊತ್ತು. ಒಬ್ಬ ವಯಸ್ಸಾದ ಮಾವುತನಿಗೆ ನಮ್ಮ ಪತ್ರಿಕೆಯನ್ನು ತೋರಿಸಿದೆವು. ಅವನು ಹಾಳೆಯನ್ನು ದೂರ ಹಿಡಿದು ನೋಡಿ, "ಸ್ವಾಮಿ, ಇದು ಗಂಡೋ ಹೆಣ್ಣೋ?" ಎಂದು ಕೇಳಿದ.

"ಹೆಣ್ಣು. ಹೆಸರು ಗೌರಿ" ಎಂದೆವು.

"ಹೆಣ್ಣಿಗೆ ಇಷ್ಟುದ್ದ ಕೊಂಬನ್ನು ಯಾರು ಕೊಟ್ಟರು?"

ಎಂಟು ವರ್ಷ ನಾವು ಮಾಡಿದ ತಪ್ಪು ಒಂದೇ ಮಾತಿನಲ್ಲಿ ಬಯಲಾಯಿತು. ನಮ್ಮ ದೇಶದ ಆನೆಗಳಲ್ಲಿ ಉದ್ದವಾದ ದಂತವಿರುವುದು ಗಂಡಿಗೆ ಮಾತ್ರ. ಗಂಡಿನಲ್ಲಿಯೂ ದಂತವಿಲ್ಲದ ಮಖನ ಆನೆಗಳುಂಟು. ಆ ದಿನ ಆ ಮಾವುತನೇ ನಮಗೆ ಗುರುವಾದ. ಮೊರದಷ್ಟು ಕಿವಿ ಆಫ್ರಿಕದ ಆನೆಯದು, ನಮ್ಮದರ ಕಿವಿ ಚಿಕ್ಕದು. ನಾವು ಬಹುಶಃ ಪರದೇಶದ ಯಾವುದೋ ಚಿತ್ರಪುಸ್ತಕವನ್ನು ನೋಡಿ ಬರೆದಿದ್ದೆವು. ನಮ್ಮ ಆನೆಯ ಹಣೆಯ ಮೇಲೆ ಎರಡು ಉಬ್ಬುಗಳುಂಟು, ನಡುವೆ ತಗ್ಗು. ಬೆನ್ನು ಕಮಾನಿನಂತೆ ಮೇಲಕ್ಕೆ ಬಾಗಿರುತ್ತದೆ. ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಭಾಗ ಒಂದೇ. ಆಫ್ರಿಕದ ಆನೆಗೆ ಎರಡು. ಸಾಮಾನ್ಯವಾಗಿ ಮುಂಗಾಲಿಗೆ ಐದೈದು ಉಗುರು, ಹಿಂಗಾಲಿಗೆ ನಾಲ್ಕು ನಾಲ್ಕು. ಹಿಂಗಾಲು ನಾಯಿಯ ಕಾಲಿನಂತೆ ಹಿಂದಕ್ಕೆ ಮುರಿಯುವುದಿಲ್ಲ. ಮಂಡಿ ನಮ್ಮ ಮಂಡಿಯಂತೆಯೇ ಮುಂದಕ್ಕಿರುತ್ತದೆ. ಎಲ್ಲಕ್ಕಿಂತಲೂ ನಮ್ಮನ್ನು ಬೆರಗುಗೊಳಿಸಿದುದು ಅಳತೆಯ ಒಂದು ಸೂತ್ರ. ಮುಂಗಾಲಿನ ಪಾದದ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಮೆ ಭುಜದವರೆಗಿನ ಎತ್ತರ ಸಿಕ್ಕುತ್ತದೆ. ನೆಲದ ಮೇಲಿನ ಹೆಜ್ಜೆಯನ್ನು ನೋಡಿ ಕಾಡಿನವರು ಆನೆಯ ಎತ್ತರವನ್ನು ಹೇಳುವುದು ಈ ಲೆಕ್ಕದಿಂದ.

ಒಂದು ವರ್ಷ ಅಭ್ಯಾಸ ಮಾಡಿ 1987ರ ದೀಪಾವಳಿ ಸಂಚಿಕೆಗೆ ಹೊಸ ಗೌರಿಯನ್ನು ಬರೆದೆವು. ಚರ್ಮದ ಸುಕ್ಕುಗಳು, ರೆಪ್ಪೆಯ ಕೂದಲು, ಬೆಳಕು ನೆರಳು, ಹದಿನೆಂಟು ಉಗುರುಗಳು—ಒಂದನ್ನೂ ಬಿಡಲಿಲ್ಲ. ಕೊಂಬು ಹೋಯಿತು. ಠಕಾರ ಹೋಗಿ ನಿಜವಾದ ಆನೆಯ ಸಣ್ಣ ಕಣ್ಣು ಬಂದಿತು. ಅಷ್ಟು ಹೊತ್ತಿಗೆ ಪತ್ರಿಕೆಯನ್ನು ಆಫ್‌ಸೆಟ್ಟಿನಲ್ಲಿ ಮುದ್ರಿಸುತ್ತಿದ್ದುದರಿಂದ ಕೂದಲೆಳೆಯಷ್ಟು ಗೆರೆಯೂ ಅಚ್ಚಾಯಿತು. ನಮಗೆ ನೆಲವೇ ಕಾಣಲಿಲ್ಲ.

ಎರಡು ತಿಂಗಳು ಕಳೆದರೂ ಯಾರೂ ಮಾತಾಡಲಿಲ್ಲ. ಗೂಡಲೂರಿನ ಕಡೆಯ ಒಂದು ತೋಟಕ್ಕೆ ಪ್ರತಿಗಳನ್ನು ಕೊಡಲು ಹೋದಾಗ ಲೈನ್ ಮನೆಯ ಬಾಗಿಲಲ್ಲಿ ಏಳು ವರ್ಷದ ಒಂದು ಹೆಣ್ಣುಮಗು ಪತ್ರಿಕೆಯ ಕೊನೆಯ ಪುಟವನ್ನು ತೆರೆದು ನೋಡಿ, "ಮಾಮಾ, ನಮ್ಮ ಗೌರಿ ಎಲ್ಲಿ?" ಎಂದು ಕೇಳಿತು.

"ಇದೇ ಗೌರಿಯಲ್ಲವೇನಮ್ಮ" ಎಂದೆವು.

"ಇದು ಆನೆ" ಎಂದಿತು ಮಗು.

ಆಗ ಅದರ ತಾಯಿ ಒಳಗಿನಿಂದ ಸ್ಲೇಟನ್ನು ತಂದು ತೋರಿಸಿದರು. ಆ ಮಗು ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಓದುತ್ತಿತ್ತು; ಕನ್ನಡವನ್ನು ತಾಯಿಯೇ ರಾತ್ರಿ ಹೊತ್ತು ಕಲಿಸುತ್ತಿದ್ದರು. ಸ್ಲೇಟಿನ ಮೇಲೆ 'ಪಾಠ', 'ಮಠ', 'ಕಂಠ' ಎಂದು ಬರೆದಿತ್ತು. "ಈ ಅಕ್ಷರ ಇವಳಿಗೆ ನೆನಪೇ ನಿಲ್ಲುತ್ತಿರಲಿಲ್ಲ. 'ಪಾ' ಬರೆದು ಪಕ್ಕದಲ್ಲಿ ಗೌರಿಯ ಕಣ್ಣು ಬರೆ ಎಂದೆ. ಅಂದಿನಿಂದ ತಪ್ಪಿಲ್ಲ" ಎಂದರು ಆ ತಾಯಿ.

ಮಹಾಜನರೇ, ನಾವು ಅಂದು ಬಸ್ಸಿನಲ್ಲಿ ಮೂವರೂ ಒಂದು ಮಾತನ್ನೂ ಆಡದೆ ಬೆಟ್ಟ ಹತ್ತಿದೆವು. ನಾವು ಆನೆಯನ್ನು ತಿದ್ದಿದ್ದೇವೆಂದುಕೊಂಡಿದ್ದೆವು. ಒಂದು ಮಗುವಿನ ವರ್ಣಮಾಲೆಯಿಂದ ಒಂದು ಅಕ್ಷರವನ್ನು ಅಳಿಸಿದ್ದೆವು.

ಹಾಗಾದರೆ ಹಳೆಯ ಚಿತ್ರಕ್ಕೇ ಹಿಂತಿರುಗೋಣವೆಂದು ಕುಳಿತೆವು. ಇಲ್ಲಿ ಎರಡನೆಯ ಪಾಠವಾಯಿತು. ಕಲಿತ ಕೈ ಕಲಿಯದ ಕೈಯಂತೆ ಬರೆಯಲಾರದು. ಕುಂಬಳಕಾಯಿಯ ಮೈಯನ್ನು ಬೇಕೆಂದೇ ಬರೆದರೆ ಅದು ದೊಡ್ಡವರು ಮಗುವಿನಂತೆ ತೊದಲಿ ಮಾತಾಡಿದ ಹಾಗೆ ಸುಳ್ಳಾಗಿ ಕಂಡಿತು. ಅಲ್ಲದೆ ಹೆಣ್ಣಾನೆಗೆ ಉದ್ದ ಕೊಂಬಿಲ್ಲವೆಂದು ತಿಳಿದ ಮೇಲೆ, ಆನೆಗಳ ನಡುವೆಯೇ ಬಾಳುವ ಮಸಿನಗುಡಿಯ ಮಕ್ಕಳಿಗೆ ಅದನ್ನೇ ತೋರಿಸುವುದು ಹೇಗೆ? ಹಿಂದಕ್ಕೆ ಹೋಗುವಂತಿಲ್ಲ, ಮುಂದೆ ಹೋದುದು ತಪ್ಪಾಗಿದೆ. ಈ ಇಕ್ಕಟ್ಟಿನಲ್ಲಿ ನಮಗಿಂತ ದೊಡ್ಡವರು ಏನು ಮಾಡಿದರೆಂದು ವಿಚಾರಿಸಿ ನೋಡಿದೆವು.

ಜಗತ್ಪ್ರಸಿದ್ಧವಾದ ಮಿಕಿ ಮೌಸ್ ಎಂಬ ಇಲಿಯನ್ನು ತಾವೆಲ್ಲ ಬಲ್ಲಿರಿ. 1928ರ ನವೆಂಬರ್ 18ರಂದು ಅದು ತೆರೆಯ ಮೇಲೆ ಬಂದಾಗ ಅದರ ಕಣ್ಣು ಬರಿಯ ಕರಿಯ ಬೊಟ್ಟು, ಕೈಕಾಲು ಹುರಿಯಂತೆ ಸಣ್ಣ. ಮರುವರ್ಷ ಕೈಗೆ ಬಿಳಿಯ ಗವಸು ಬಂದಿತು. ಮೂವತ್ತರ ದಶಕದ ಕೊನೆಗೆ ಫ್ರೆಡ್ ಮೂರ್ ಎಂಬ ಕಲಾವಿದ ಅದರ ಮೈಯನ್ನು ಬುಡ ದಪ್ಪವಾದ ಪೇರಲ ಹಣ್ಣಿನಂತೆ ತಿದ್ದಿ, ಕಣ್ಣಿಗೆ ಬಿಳಿಯ ಗುಡ್ಡೆಯನ್ನೂ ಪಾಪೆಯನ್ನೂ ಕೊಟ್ಟ. ಇಷ್ಟೆಲ್ಲ ಬದಲಾದರೂ ಎರಡು ದುಂಡನೆಯ ಕಿವಿಗಳು ಮಾತ್ರ ಹಾಗೆಯೇ ಉಳಿದವು. ತಲೆ ಯಾವ ಕಡೆಗೆ ತಿರುಗಿದರೂ ಕಿವಿ ದುಂಡಗೇ ಕಾಣುತ್ತದೆ. ಪ್ರಕೃತಿಯಲ್ಲಿ ಹಾಗೆ ಸಾಧ್ಯವಿಲ್ಲ. 1941ರ ಸುಮಾರಿನಲ್ಲಿ ಕೆಲವು ಚಿತ್ರಗಳಲ್ಲಿ ಆ ಕಿವಿಗಳನ್ನು ನಿಜವಾದ ಕಿವಿಗಳಂತೆ, ತಲೆಯೊಂದಿಗೆ ತಿರುಗುವಂತೆ ಬರೆದು ನೋಡಿದರು. ಅದು ಹೊಂದಲಿಲ್ಲವೆಂದು ಬೇಗನೆ ಕೈಬಿಟ್ಟರು. ಇದನ್ನು ಓದಿದಾಗ ನಮ್ಮ ಎದೆಯ ಭಾರ ಇಳಿಯಿತು. ನಾವು ಠಕಾರದಲ್ಲಿ ಮಾಡಿದ ತಪ್ಪನ್ನು ಅಷ್ಟು ದೊಡ್ಡ ಕುಶಲಿಗಳೂ ಕಿವಿಯಲ್ಲಿ ಮಾಡಿದ್ದರು.

ಅಮೆರಿಕದ ಚಾರ್ಲ್ಸ್ ಶುಲ್ಜ್ ಎಂಬವರ ನಾಯಿ ಸ್ನೂಪಿಯೂ ಹೀಗೆಯೇ. 1950ರಲ್ಲಿ ಅದು ನಾಲ್ಕು ಕಾಲಿನ ಸಾಧಾರಣ ನಾಯಿಮರಿ. ಕೆಲವು ವರ್ಷಗಳಲ್ಲಿ ಎರಡು ಕಾಲಿನ ಮೇಲೆ ನಡೆಯಿತು, ತನ್ನ ಗೂಡಿನ ಮಾಡಿನ ಮೇಲೆ ಮಲಗಿ ಯೋಚಿಸಿತು. ಆದರೆ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. ಓದುಗರೊಂದಿಗೆ ಬೆಳೆದು ಬಂದುದು. ನಾವೋ ಒಂದೇ ದೀಪಾವಳಿಗೆ ಎಲ್ಲವನ್ನೂ ಬದಲಿಸಿಬಿಟ್ಟಿದ್ದೆವು.

ಅಷ್ಟು ದೂರ ಹೋಗುವುದೇಕೆ? ಬೆಟ್ಟದ ಕೆಳಗಿನ ಮೈಸೂರಿನಲ್ಲಿಯೇ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು ಎಳೆತನದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಗೀಚಿ ಕಲಿತವರು. ಮುಂಬಯಿಯ ಕಲಾಶಾಲೆಯಲ್ಲಿ ಅವರಿಗೆ ಪ್ರವೇಶ ದೊರೆಯಲಿಲ್ಲ. ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯ ಪುಟಗಳಲ್ಲಿ ಅವರ ಕೈ ಕನ್ನಡದ ಓದುಗರ ಮುಂದೆ ಪಳಗಿತು. ಅವರ ಪ್ರಸಿದ್ಧ ಶ್ರೀಸಾಮಾನ್ಯನೂ ಮೊದಲಿಗೆ ಒಬ್ಬನಲ್ಲ; ಬಂಗಾಳಿ, ತಮಿಳ, ಪಂಜಾಬಿ ಎಂದು ಗುಂಪಾಗಿದ್ದವರನ್ನು ಕಳೆಯುತ್ತ ಕಳೆಯುತ್ತ ಕೊನೆಗೆ ಚೌಕಳಿಯ ಕೋಟು, ಪಂಚೆಯ ಆ ಒಬ್ಬ ಮುದುಕ ಉಳಿದ. ಇದಲ್ಲದೆ ಅವರು ಬಾಲ್ಯದಿಂದ ಮುಪ್ಪಿನವರೆಗೂ ಕಾಗೆಗಳನ್ನು ಬರೆದರು. ಅವರ ಕಾಗೆಯ ಚಿತ್ರವನ್ನು ನೋಡಿದರೆ ನಾಲ್ಕಾರು ಗೆರೆ, ಒಂದಿಷ್ಟು ಮಸಿ. ಆದರೆ ಆ ನಾಲ್ಕಾರು ಗೆರೆಗಳ ಹಿಂದೆ ಕಿಟಕಿಯ ಬಳಿ ಕುಳಿತು ನಿಜವಾದ ಕಾಗೆಗಳನ್ನು ನೋಡಿದ ವರ್ಷಗಳಿವೆ. ತಿಳಿಯದವನ ಗೆರೆಯೂ ಕಡಿಮೆ, ಚೆನ್ನಾಗಿ ತಿಳಿದವನ ಗೆರೆಯೂ ಕಡಿಮೆ. ನಡುವೆ ಅರ್ಧ ತಿಳಿದವನದು ಮಾತ್ರ ಹೆಚ್ಚು. ನಮ್ಮ 1987ರ ಗೌರಿ ಅರ್ಧ ತಿಳಿದವರ ಗೌರಿ.

ಈ ಪಾಠವನ್ನು ಕಲಿಯಲು ನಾವು ಮನೆಯ ಹಿತ್ತಲಿಗೆ ಹೋಗಿದ್ದರೂ ಸಾಕಾಗಿತ್ತು. ಕೋಟಗಿರಿಯ ಕಡೆ ಕರಿಕ್ಕಿಯೂರಿನ ಬಂಡೆಗಳ ಮೇಲೆ ಪ್ರಾಚೀನರು ಬರೆದ ಮೃಗಗಳನ್ನು ನೋಡಿದವರು ಬಲ್ಲರು. ಅಲ್ಲಿ ಸುಕ್ಕಿಲ್ಲ, ರೆಪ್ಪೆಯಿಲ್ಲ. ಬೆನ್ನಿನ ಒಂದು ಗೆರೆಯಿಂದಲೇ ಪ್ರಾಣಿಯ ಗುರುತು ಸಿಕ್ಕುತ್ತದೆ. ಆ ಪ್ರಾಣಿಗಳ ಜೊತೆಗೇ ಬಾಳಿದವರ ಕೈ ಅದು.

1988ರ ಯುಗಾದಿಗೆ ಮೂರನೆಯ ಗೌರಿ ಬಂದಳು. ಬೆನ್ನು ಕಮಾನಾಯಿತು, ಹಣೆಗೆ ಎರಡು ಉಬ್ಬು ಬಂದವು, ಕಿವಿ ಚಿಕ್ಕದಾಯಿತು, ಮಂಡಿ ಸರಿಯಾಯಿತು; ಅಷ್ಟನ್ನೂ ಹನ್ನೆರಡೇ ಗೆರೆಗಳಲ್ಲಿ ಮುಗಿಸಿದೆವು. ಕಣ್ಣು ಮತ್ತೆ ಠಕಾರವಾಯಿತು. ಆಫ್‌ಸೆಟ್ಟಿನಲ್ಲಿ ಅಗತ್ಯವಿಲ್ಲದಿದ್ದರೂ ಕೆಳಗಿನ ಎಳ್ಳಿನಷ್ಟು ಬಿರುಕನ್ನು ಹಾಗೆಯೇ ಬಿಟ್ಟೆವು. ಕೊಂಬಿನ ವಿಷಯದಲ್ಲಿ ನಮ್ಮ ಮಾವುತಗುರುವನ್ನು ಮತ್ತೆ ಕೇಳಿದೆವು. ಕೆಲವು ಹೆಣ್ಣಾನೆಗಳಿಗೆ ತುಟಿಯಿಂದ ಸ್ವಲ್ಪವೇ ಇಣುಕುವ ಚಿಕ್ಕ ಕೊಂಬುಗಳಿರುವುದುಂಟೆಂದು ಅವನು ಹೇಳಿದ. ಅಷ್ಟನ್ನೇ ಬರೆದೆವು. ಹಳೆಯ ಸುಳ್ಳು ಚಿಕ್ಕದಾಗಿ ನಿಜವಾಯಿತು. ಅದೇ ಸಂಚಿಕೆಯಲ್ಲಿ "ಹೆಣ್ಣಾನೆಗೆ ಉದ್ದ ಕೊಂಬು ಬರೆದುದು ನಮ್ಮ ತಪ್ಪು" ಎಂದು ಮಕ್ಕಳಿಗೆ ಒಪ್ಪಿಕೊಂಡು ಬರೆದೆವು. ಗೂಡಲೂರಿನ ಆ ಮಗು ಹೊಸ ಚಿತ್ರವನ್ನು ನೋಡಿ, "ಗೌರಿ ಸಣ್ಣಗಾಗಿದ್ದಾಳೆ" ಎಂದಿತಂತೆ. ಗುರುತು ಸಿಕ್ಕಿತಲ್ಲ, ನಮಗೆ ಅಷ್ಟೇ ಸಾಕಾಯಿತು.

ಚಿತ್ರ ಬರೆಯುವ ಕಿರಿಯರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಸ್ಟೀಫನ್ ಜೇ ಗೂಲ್ಡ್ ಎಂಬ ಜೀವವಿಜ್ಞಾನಿ ಮಿಕಿ ಇಲಿಯ ಚಿತ್ರಗಳನ್ನು ಅಳೆದು 1979ರಲ್ಲಿ ಒಂದು ಲೇಖನ ಬರೆದರು. ಕಾಲಕ್ರಮದಲ್ಲಿ ಅದರ ಕಣ್ಣು ತಲೆಯ ಉದ್ದದ ನೂರಕ್ಕೆ 27ರಿಂದ 42ಕ್ಕೆ ಬೆಳೆದಿತ್ತು. ತಲೆಯೂ ಮೈಗಿಂತ ಹೆಚ್ಚು ಬೆಳೆದಿತ್ತು. ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಹಣೆ, ಇವು ಎಳೆಯ ಮರಿಗಳ ಲಕ್ಷಣ. ಅವನ್ನು ಕಂಡರೆ ಮನುಷ್ಯನಿಗೆ ತಾನಾಗಿ ಮುದ್ದು ಬರುತ್ತದೆ. ಇದು ಸುಲಭದ ದಾರಿ. ಕಣ್ಣನ್ನು ಅಗಲಮಾಡುತ್ತ ಹೋದರೆ ಯಾವ ಪ್ರಾಣಿಯೂ ಮುದ್ದಾಗುತ್ತದೆ. ಆದರೆ ಎಲ್ಲ ಪ್ರಾಣಿಗಳೂ ಒಂದೇ ಆಗಿಬಿಡುತ್ತವೆ. ಮುದ್ದಾಗುವುದು ಬೇರೆ, ತನ್ನಂತೆ ತಾನಿರುವುದು ಬೇರೆ.

ನಮ್ಮ ದೇಶ ಆನೆಯನ್ನು ಎಷ್ಟೋ ಸಲ ಚಿತ್ರದ ಪಾತ್ರವಾಗಿ ಮಾಡಿಕೊಂಡಿದೆ. 1982ರ ದೆಹಲಿಯ ಏಷ್ಯಾ ಕ್ರೀಡೆಗಳಿಗೆ ಅಪ್ಪು ಬಂದ. ರೈಲ್ವೆಗೆ 150ನೆಯ ವರ್ಷವಾದಾಗ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಬರೆದ ಭೋಲು ಎಂಬ ಗಾರ್ಡ್ ಆನೆ 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ಹಸಿರು ದೀಪ ಹಿಡಿದು ಬೆಳಕಿಗೆ ಬಂದ. 2023ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ಹಾಕಿ ಪಂದ್ಯಗಳ ಆನೆಗೆ ಇಟ್ಟ ಹೆಸರಂತೂ ಬೊಮ್ಮನ್. ನಮ್ಮ ತೆಪ್ಪಕಾಡಿನ ಮಾವುತನ ಹೆಸರು. ತೆಪ್ಪಕಾಡಿನ ಮರಿಯಾನೆಗಳ ಸಾಕ್ಷ್ಯಚಿತ್ರಕ್ಕೆ ಅದೇ ವರ್ಷ ಆಸ್ಕರ್ ಬಂದಾಗ ಲೋಕವೆಲ್ಲ ನೋಡಿದ ಆ ಶಿಬಿರದಲ್ಲಿಯೇ ನಮ್ಮ ಗೌರಿಯ ಕೊಂಬು ಚಿಕ್ಕದಾಯಿತೆಂಬುದು ನಮಗೆ ಹೆಮ್ಮೆ.

1996ರಲ್ಲಿ ಪತ್ರಿಕೆ ನಿಂತಿತು. ಈಗ ಸಂಘದವರು ಮಕ್ಕಳಿಗೆ ಪುನಃ ಒಂದು ಪುಟವನ್ನು ತರಬೇಕೆಂದಿದ್ದಾರೆ; ಗೌರಿಯನ್ನು ನಾವೇ ಬರೆದುಕೊಡಬೇಕೆಂದು ಕೇಳಿದ್ದಾರೆ. ನಮ್ಮ ಕೈ ಈಗ ನಡುಗುತ್ತದೆ. ಅದೂ ಅಲ್ಲದೆ ಗಾಜಿನ ಹಲಗೆಯ ಮೇಲೆ ಬರೆಯಬಲ್ಲ ಇಬ್ಬರು ತರುಣರು ನಮ್ಮಲ್ಲಿಯೇ ಇದ್ದಾರೆ; ಅವರ ಕೈ ನಮ್ಮದಕ್ಕಿಂತ ಎಷ್ಟೋ ಮೇಲು. ಆದುದರಿಂದ ಗೌರಿಯನ್ನು ಈ ಸಭೆಯಲ್ಲಿ ಅವರಿಗೆ ಒಪ್ಪಿಸುತ್ತಿದ್ದೇವೆ. ಕಳೆದ ವಾರ ಅವರು ಬಂದು, "ನಾವು ಎಷ್ಟರಮಟ್ಟಿಗೆ ಬದಲಾಯಿಸಬಹುದು?" ಎಂದು ಸಂಕೋಚದಿಂದ ಕೇಳಿದರು. ನಿಜ ಹೇಳುತ್ತೇವೆ, ಆ ಪ್ರಶ್ನೆ ನಮ್ಮ ಹೊಟ್ಟೆಯನ್ನು ಸ್ವಲ್ಪ ಚುರುಕುಗೊಳಿಸಿತು. ರಾತ್ರಿಯೆಲ್ಲ ಯೋಚಿಸಿ ಉತ್ತರವನ್ನು ತಂದಿದ್ದೇವೆ.

ತಮ್ಮಂದಿರೇ, ಬದಲಾಯಿಸಿರಿ. ನೀವು ನಮ್ಮ ಗೆರೆಯ ಮೇಲೆಯೇ ಗೆರೆ ಎಳೆದರೆ ಗೌರಿ ಸತ್ತ ಆನೆಯಾಗುತ್ತಾಳೆ. ನಾವು ಕೇಳುವುದು ಮೂರೇ ಮಾತು. ಬರೆಯುವ ಮುಂಚೆ ಒಂದು ಸಂಜೆ ತೆಪ್ಪಕಾಡಿಗೆ ಹೋಗಿ ನಿಜವಾದ ಆನೆಯನ್ನು ನೋಡಿರಿ. ಬದಲಾವಣೆಯನ್ನು ಒಂದೇ ಸಂಚಿಕೆಯಲ್ಲಿ ಮಾಡದೆ ಮಕ್ಕಳೊಂದಿಗೆ ನಡೆಸಿಕೊಂಡು ಹೋಗಿರಿ. ಮೂರನೆಯದಾಗಿ, ಕಣ್ಣು ಠಕಾರವಾಗಿಯೇ ಇರಲಿ.

ಈ ಬೆಟ್ಟದ ಮೇಲಿನ ನಮ್ಮ ಕನ್ನಡವೂ ಹೀಗೆಯೇ ಎಂದು ನಮಗೆ ತೋರುತ್ತದೆ. ನಮ್ಮ ಅಜ್ಜಂದಿರು ಆಡಿದ ಹಾಗೆ ನಾವು ಆಡುತ್ತಿಲ್ಲ. ನಾವು ಆಡಿದ ಹಾಗೆ ಮೊಮ್ಮಕ್ಕಳು ಆಡುತ್ತಿಲ್ಲ. ನಾಲ್ಕು ನುಡಿಗಳ ನೆರೆಯಲ್ಲಿ ಅದರ ಕಿವಿ ಚಿಕ್ಕದಾಗಿರಬಹುದು, ಬೆನ್ನು ಬಾಗಿರಬಹುದು. ಮಗು ಅದನ್ನು ನೋಡಿ "ಇದು ನಮ್ಮದು" ಎಂದು ಗುರುತು ಹಿಡಿಯುವಂಥ ಒಂದು ಕಣ್ಣನ್ನು ಮಾತ್ರ ನಾವು ಅಳಿಸದೆ ಇರೋಣ.

ಸ್ಲೇಟು ಹಿಡಿದಿದ್ದ ಆ ಮಗು ಈಗ ಎರಡು ಮಕ್ಕಳ ತಾಯಿ. ಈ ಸಭೆಗೆ ಬಂದಿದ್ದಾರೆ. ಹೆಸರು ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಹೊಸ ಗೌರಿ ಅಚ್ಚಾದ ದಿನ ಮೊದಲ ಪ್ರತಿ ಅವರ ಮನೆಗೆ ಹೋಗಲಿ ಎಂದು ಕಾರ್ಯದರ್ಶಿಗಳಲ್ಲಿ ಬೇಡಿ, ನಮ್ಮ ಮಾತನ್ನು ಮುಗಿಸುತ್ತೇವೆ.